ಯಂತ್ರದ ಜೂಜಿನಲ್ಲಿ ಅಕ್ಷಹೃದಯ

ಜೂಜೆಂದೊಡನೆ ನಮ್ಮ ನೆನಪಿಗೆ ಬರುವುದು ಧರ್ಮರಾಯನ ದ್ಯೂತ. ಪಂಪನಿಂದ ಕುಮಾರವ್ಯಾಸನವರೆಗೆ ನಮ್ಮ ಕವಿಗಳು ಆ ಸಭೆಯ ದುರಂತವನ್ನು ಮನಮುಟ್ಟುವಂತೆ ಚಿತ್ರಿಸಿರುವುದರಿಂದ, ಪಗಡೆಯ ಹಾಸಿನ ಮುಂದೆ ಕುಳಿತವನು ಕೆಟ್ಟನೆಂಬುದು ಎಳವೆಯಲ್ಲಿಯೇ ನಮಗೆ ಪಾಠವಾಗಿಬಿಡುತ್ತದೆ. ಆದರೆ ಅದೇ ಮಹಾಭಾರತದ ವನಪರ್ವದಲ್ಲಿ ಇನ್ನೊಬ್ಬ ಜೂಜುಗಾರನ ಕಥೆಯುಂಟು. ರಾಜ್ಯವನ್ನು ಸೋತು ಋತುಪರ್ಣನ ಸಾರಥಿಯಾಗಿದ್ದ ನಳನು, ದಾರಿಯಲ್ಲೊಂದು ತಾರೆಯ ಮರದ ಎಲೆಕಾಯಿಗಳನ್ನು ಆ ದೊರೆ ಒಂದೇ ನೋಟದಲ್ಲಿ ಎಣಿಸಿದುದನ್ನು ಕಂಡು ಬೆರಗಾದನು. ಅವನಿಂದ ‘ಅಕ್ಷಹೃದಯ’ವೆಂಬ ವಿದ್ಯೆಯನ್ನು ಪಡೆದನು. ವಿದ್ಯೆ ಒಳಹೊಕ್ಕೊಡನೆ ಅವನನ್ನು ಹಿಡಿದಿದ್ದ ಕಲಿ ಹೊರಬಿದ್ದನು. ಕನಕದಾಸರ ‘ನಳಚರಿತ್ರೆ’ಯನ್ನು ಓದಿದವರಿಗೆ ಈ ಕಥೆ ಹೊಸದಲ್ಲ. ದಾಳದ ಗುಟ್ಟು ಎಣಿಕೆಯಲ್ಲಿದೆಯೆಂಬ ಈ ಪ್ರಾಚೀನ ತಿಳಿವಳಿಕೆ ಇಂದಿನ ಯಂತ್ರದ ಜೂಜಿಗೂ ಸಲ್ಲುವುದೆ? ಅಮೆರಿಕದ ಕ್ಯಾಸಿನೋಗಳಲ್ಲಿ ಕಾಣುವ ‘ವಿಡಿಯೋ ಪೋಕರ್’ ಈ ಪ್ರಶ್ನೆಗೆ ಒಂದು ವಿಚಿತ್ರವಾದ ಉತ್ತರವನ್ನು ಕೊಡುತ್ತದೆ.

ಇಸ್ಪೀಟಿನ ಯಂತ್ರ ನೂರು ವರ್ಷಕ್ಕೂ ಹಳೆಯದು. 1891ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದಲ್ಲಿ ಸಿಟ್‌ಮನ್ ಮತ್ತು ಪಿಟ್ ಎಂಬವರು ಐದು ಉರುಳೆಗಳ ಮೇಲೆ ಎಲೆಗಳನ್ನು ಹೊಂದಿಸಿದ ಯಂತ್ರವೊಂದನ್ನು ಮಾಡಿದರು. ಕಟ್ಟಿನಲ್ಲಿ ಇರಬೇಕಾದ 52 ಎಲೆಗಳಿಗೆ ಬದಲಾಗಿ ಅದರಲ್ಲಿದ್ದವು 50. ಸಾಮಾನ್ಯವಾಗಿ ಇಸ್ಪೀಟಿನ ಹತ್ತನ್ನೂ ಆಟೀನಿನ ಗುಲಾಮನನ್ನೂ ತೆಗೆದುಬಿಡುತ್ತಿದ್ದರು. ಎರಡು ಎಲೆ ಕಡಿಮೆಯಾದರೇನಾಯಿತು ಎನ್ನಬಹುದು. ಅತ್ಯುಚ್ಚ ಗೆಲುವಿನ ನಾಲ್ಕು ದಾರಿಗಳಲ್ಲಿ ಎರಡು ಅಲ್ಲಿಗೆ ಮುಚ್ಚಿಹೋದವು. ಶಕುನಿಗೆ ಅಂದೂ ಕೊರತೆಯಿರಲಿಲ್ಲ!

ನೆವಾಡಾ ರಾಜ್ಯ 1931ರಲ್ಲಿ ಜೂಜನ್ನು ಶಾಸನಬದ್ಧಗೊಳಿಸಿತು. 1970ರ ದಶಕದ ಕೊನೆಗೆ ಸೈ ರೆಡ್ ಎಂಬ ವ್ಯಾಪಾರಿಯ ಕಂಪನಿ ಗಾಜಿನ ತೆರೆಯ ಮೇಲೆ ಎಲೆ ತೋರಿಸುವ ವಿದ್ಯುನ್ಮಾನ ಯಂತ್ರವನ್ನು ಜನಪ್ರಿಯಗೊಳಿಸಿತು. ತೆರೆಯ ಮೇಲೆ ಇಸ್ಪೀಟಿನ ಎಲೆ ತೋರಿಸುವ ಯಂತ್ರವು ನಿಜವಾದ ಕಟ್ಟಿನಷ್ಟೇ ನ್ಯಾಯವಾಗಿ ಎಲೆ ಹಂಚಬೇಕೆಂದು ಆ ರಾಜ್ಯದ ನಿಯಮವಿದೆ. ಇಲ್ಲಿಯೇ ಈ ಆಟದ ವೈಶಿಷ್ಟ್ಯ. ಉರುಳೆ ತಿರುಗುವ ಬೇರೆ ಯಂತ್ರಗಳ ಒಳಗುಟ್ಟು ಆಡುವವನಿಗೆ ತಿಳಿಯದು. ಇಲ್ಲಿಯಾದರೋ 52 ಎಲೆಗಳು ಎಲ್ಲರಿಗೂ ಗೊತ್ತು. ಯಾವ ಗೆಲುವಿಗೆ ಎಷ್ಟು ಹಣವೆಂಬುದು ತೆರೆಯ ಮೇಲೆಯೇ ಬರೆದಿದೆ. ಇವೆರಡನ್ನೂ ಕೂಡಿಸಿದರೆ ಆಟದ ಬೆಲೆ ತಾನಾಗಿ ಹೊರಬೀಳುತ್ತದೆ. ಅಕ್ಷಹೃದಯವನ್ನು ಯಂತ್ರ ತನ್ನ ಹಣೆಯ ಮೇಲೆಯೇ ಬರೆದುಕೊಂಡು ನಿಂತಿದೆ. ಓದುವವರು ಕಡಿಮೆ, ಅಷ್ಟೆ.

ಆಟದ ಕ್ರಮ ಸರಳ. ಪಣ ಒಡ್ಡಿ ಗುಂಡಿ ಒತ್ತಿದರೆ ಐದು ಎಲೆ ಬೀಳುತ್ತವೆ. ಬೇಕಾದುವನ್ನು ಉಳಿಸಿಕೊಂಡು ಬೇಡವಾದುವನ್ನು ಒಮ್ಮೆ ಬದಲಾಯಿಸಬಹುದು. ‘ಜಾಕ್ಸ್ ಆರ್ ಬೆಟರ್’ ಎಂಬ ಮೂಲರೂಪದಲ್ಲಿ ಗುಲಾಮ, ರಾಣಿ, ರಾಜ, ಎಕ್ಕ ಇವುಗಳಲ್ಲಿ ಯಾವುದಾದರೊಂದರ ಜೋಡಿ ಬಂದರೂ ಒಡ್ಡಿದ ಪಣ ಮರಳಿ ಬರುತ್ತದೆ. ಮೂರು ಎಲೆ ಒಂದು ಬಗೆ, ಎರಡು ಇನ್ನೊಂದು ಬಗೆಯಾದರೆ ‘ಫುಲ್ ಹೌಸ್’. ಐದೂ ಒಂದೇ ಜಾತಿಯಾದರೆ ‘ಫ್ಲಶ್’. ಉತ್ತಮ ಯಂತ್ರದಲ್ಲಿ ಇವಕ್ಕೆ ಕ್ರಮವಾಗಿ ಪಣದ 9 ಪಟ್ಟು ಮತ್ತು 6 ಪಟ್ಟು. ಅದರಲ್ಲಿ ತಪ್ಪಿಲ್ಲದೆ ಆಡಿದವನಿಗೆ ದೀರ್ಘಕಾಲದಲ್ಲಿ ಒಡ್ಡಿದ ನೂರಕ್ಕೆ 99.54 ಮರಳುತ್ತದೆ. ಪಕ್ಕದಲ್ಲಿಯೇ, ನೋಟಕ್ಕೆ ತದ್ರೂಪವಾದ ಇನ್ನೊಂದು ಯಂತ್ರದಲ್ಲಿ 9ಕ್ಕೆ 8, 6ಕ್ಕೆ 5 ಎಂದಿರಬಹುದು. ಅಲ್ಲಿ ಮರಳುವುದು ನೂರಕ್ಕೆ 97.30. ಎರಡು ಅಂಕಿ ಬದಲಾದುದಕ್ಕೆ ನಷ್ಟ ಸುಮಾರು ಆರು ಪಟ್ಟಾಯಿತು!

ಇನ್ನು ಪ್ರಭೇದಗಳ ಮಾತು. ನಮ್ಮ ಷಟ್ಪದಿಯಲ್ಲಿ ಶರ, ಕುಸುಮ, ಭೋಗ, ಭಾಮಿನಿ, ಪರಿವರ್ಧಿನಿ, ವಾರ್ಧಕವೆಂದು ಆರು ಬಗೆಯಿಲ್ಲವೆ? ಪಾದಗಳು ಎಲ್ಲದರಲ್ಲಿಯೂ ಆರೇ; ಆದರೆ ಭಾಮಿನಿಯ ನಡೆಯಲ್ಲಿ ವಾರ್ಧಕವನ್ನು ಓದಹೊರಟವನು ಎಡವುತ್ತಾನೆ. ಇಲ್ಲಿಯೂ ಹಾಗೆಯೇ. ‘ಡ್ಯೂಸಸ್ ವೈಲ್ಡ್’ ಎಂಬ ಪ್ರಭೇದದಲ್ಲಿ ಎರಡರ ಎಲೆ ಯಾವ ಎಲೆಯ ವೇಷವನ್ನಾದರೂ ಹಾಕಬಲ್ಲದು. ಅದನ್ನು ಎಂದೂ ಬಿಡಬಾರದು. ರಾಜನ ಜೋಡಿಗೆ ಅಲ್ಲಿ ಬಿಡಿಗಾಸೂ ಇಲ್ಲ. ಮೂರು ಸಮಾನ ಎಲೆಗಳಿಂದ ಗೆಲುವು ಆರಂಭ. ‘ಡಬಲ್ ಡಬಲ್ ಬೋನಸ್’ ಎಂಬುದರಲ್ಲಿ ನಾಲ್ಕು ಎಕ್ಕಗಳ ಜೊತೆಗೆ ಎರಡು, ಮೂರು ಅಥವಾ ನಾಲ್ಕರ ಎಲೆ ಬಂದರೆ ಪಣದ 400 ಪಟ್ಟು. ಆ ವೈಭವದ ವೆಚ್ಚಕ್ಕಾಗಿ ಎರಡು ಜೋಡಿಗಳ ಗೆಲುವನ್ನು ಎರಡು ಪಟ್ಟಿನಿಂದ ಒಂದಕ್ಕೆ ಇಳಿಸಿರುತ್ತಾರೆ. ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ತೆಗೆದುಕೊಳ್ಳುವ ಈ ಜಾಣ್ಮೆಯನ್ನು ಅರಿಯದೆ, ಒಂದು ಪ್ರಭೇದದ ಬುದ್ಧಿಯನ್ನು ಇನ್ನೊಂದರಲ್ಲಿ ಉಪಯೋಗಿಸಿದವನು ನಷ್ಟಪಡುತ್ತಾನೆ.

ಆದರೆ ಎಲ್ಲರ ಕಣ್ಣೂ ಇರುವುದು ಒಂದೇ ಜಾತಿಯ ಹತ್ತು, ಗುಲಾಮ, ರಾಣಿ, ರಾಜ, ಎಕ್ಕ ಒಟ್ಟಿಗೆ ಕೂಡುವ ‘ರಾಯಲ್ ಫ್ಲಶ್’ನ ಮೇಲೆ. ಐದೆಲೆಗಳ ಕೂಟ ಒಟ್ಟು 25,98,960. ಅವುಗಳಲ್ಲಿ ರಾಯಲ್ ನಾಲ್ಕೇ. ಎಲೆ ಬದಲಾಯಿಸುವ ಅವಕಾಶವಿರುವುದರಿಂದ, ಸರಿಯಾಗಿ ಆಡಿದವನಿಗೆ ಸರಾಸರಿ 40,000 ಆಟಗಳಿಗೊಮ್ಮೆ ಅದು ದೊರೆಯುತ್ತದೆ. ಒಂದು ನಾಣ್ಯವಿಟ್ಟು ಆಡಿದರೆ ಅದಕ್ಕೆ 250. ಐದು ನಾಣ್ಯವಿಟ್ಟರೆ 4,000. ಐದನೆಯ ನಾಣ್ಯದ ಆಕರ್ಷಣೆ ಇದು.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಕಾಲು ಡಾಲರಿನ ಯಂತ್ರದಲ್ಲಿ ಆಟಕ್ಕೆ ಐದು ನಾಣ್ಯ, ಎಂದರೆ ಒಂದೂಕಾಲು ಡಾಲರು. 40,000 ಆಟಗಳಲ್ಲಿ ಒಡ್ಡಿದ ಪಣ ಒಟ್ಟು 50,000 ಡಾಲರು. ಉತ್ತಮ ಯಂತ್ರದಲ್ಲಿ, ತಪ್ಪಿಲ್ಲದ ಆಟದಲ್ಲಿಯೂ, ರಾಯಲ್ ಬರುವ ಮುನ್ನ ಸರಾಸರಿ 1,230 ಡಾಲರು ಹೋಗಿರುತ್ತದೆ. ಆಮೇಲೆ ಬರುವ ಜಾಕ್‌ಪಾಟು 1,000 ಡಾಲರು. ಕೊನೆಗೆ ನಷ್ಟ 230. ಅಂದಮೇಲೆ ಜಾಕ್‌ಪಾಟೆಂಬುದು ಆಕಾಶದಿಂದ ಉದುರಿದ ಭಾಗ್ಯವಲ್ಲ. ಕಳೆದುಕೊಂಡ ಹಣದ ಒಂದು ಭಾಗ ಒಟ್ಟಾಗಿ ಮರಳಿದ್ದು. ಅದೂ ಎಲ್ಲರಿಗೂ ಇಲ್ಲ: 40,000 ಆಟ ಆಡಿದ ನೂರು ಜನರಲ್ಲಿ ಸುಮಾರು 37 ಮಂದಿಗೆ ಒಂದು ರಾಯಲ್ ಕೂಡ ಬಂದಿರುವುದಿಲ್ಲ. ಹಿಂದೊಮ್ಮೆ ನೆವಾಡಾದಲ್ಲಿದ್ದ ಡ್ಯೂಸಸ್ ವೈಲ್ಡಿನ ಒಂದು ರೂಪದಲ್ಲಿ ನೂರಕ್ಕೆ 100.76 ಮರಳುತ್ತಿತ್ತೆಂಬುದು ನಿಜ. ಅಂಥ ಯಂತ್ರವಿದ್ದರೂ ಮನೆಯೊಡೆಯನು ಬಡವನಾಗದಿದ್ದುದಕ್ಕೆ ಕಾರಣ, ತಪ್ಪಿಲ್ಲದೆ ಆಡುವವರು ವಿರಳರೆಂಬುದೇ.

ಜಾಕ್‌ಪಾಟು ಬಂದ ಮೇಲಿನ ವ್ಯವಹಾರವೂ ತಿಳಿಯತಕ್ಕದ್ದೇ. ಡಾಲರಿನ ಯಂತ್ರದಲ್ಲಿ ಐದು ಡಾಲರಿಟ್ಟವನಿಗೆ ರಾಯಲ್ ಬಂದರೆ 4,000 ಡಾಲರು. ಆಗ ಯಂತ್ರ ತಾನಾಗಿ ಸ್ತಂಭಿಸುತ್ತದೆ. ಮೇಲಿನ ದೀಪ ಮಿನುಗುತ್ತದೆ. ಗೆದ್ದವನು ಜಾಗ ಬಿಟ್ಟೇಳದೆ ಕಾಯಬೇಕು. ನೌಕರರು ಬಂದು ಗುರುತಿನ ಪತ್ರ ನೋಡಿ, ತೆರಿಗೆಯ ಕಾಗದ ತುಂಬಿಸಿ, ರುಜು ಪಡೆದು, ಹಣವನ್ನು ಕೈಗೆ ಎಣಿಸಿಕೊಡುತ್ತಾರೆ. ಯಂತ್ರದ ಗೆಲುವು 1,200 ಡಾಲರು ಮುಟ್ಟಿದರೆ ಸರಕಾರಕ್ಕೆ ವರದಿ ಹೋಗಬೇಕೆಂಬ ನಿಯಮ 1977ರಿಂದ ನಡೆದುಬಂದಿತ್ತು. 2025ರ ಕಾನೂನು ಆ ಗಡಿಯನ್ನು 2026ರಿಂದ 2,000ಕ್ಕೆ ಏರಿಸಿತು. ಆದರೆ ಗೆಲುವಿನಿಂದ ಸೋಲನ್ನು ಕಳೆದು ತೋರಿಸುವ ಅವಕಾಶವನ್ನು ಅದೇ ಕಾನೂನು ನೂರಕ್ಕೆ 90ಕ್ಕೆ ಇಳಿಸಿತು. ನಮ್ಮ ದೇಶದಿಂದ ಪ್ರವಾಸಕ್ಕೆ ಹೋದವನ ಪಾಡು ಇನ್ನೂ ಬೇರೆ. ಅವನ ಜಾಕ್‌ಪಾಟಿನಿಂದ ನೂರಕ್ಕೆ 30ರಂತೆ ತೆರಿಗೆಯನ್ನು ಅಲ್ಲಿಯೇ ಮುರಿದುಕೊಳ್ಳುತ್ತಾರೆ. ಸೋತುದನ್ನು ಕಳೆಯಲು ಅವನಿಗೆ ದಾರಿಯಿಲ್ಲ. 4,000 ಗೆದ್ದವನ ಕೈಗೆ ಬರುವುದು 2,800. ಮುರಿದುಕೊಂಡುದರ ಪತ್ರವನ್ನು ಆತ ಜೋಪಾನವಾಗಿಟ್ಟುಕೊಳ್ಳಬೇಕು. ನಮ್ಮಲ್ಲಿಯೂ ಜೂಜಿನ ಗೆಲುವಿಗೆ ನೂರಕ್ಕೆ 30ರ ತೆರಿಗೆಯುಂಟು. ಗೋವೆಯ ಮಾಂಡೋವಿ ನದಿಯ ಹಡಗುಗಳಿಗೆ ಹೋಗಿಬರುವ ಕನ್ನಡಿಗರು ಇದನ್ನು ಮರೆಯಬಾರದು.

ನೌಕರರು ಬರುವವರೆಗಿನ ಆ ಕಾಯುವ ಹೊತ್ತು, ನನ್ನ ದೃಷ್ಟಿಯಲ್ಲಿ, ಇಡೀ ಆಟದಲ್ಲಿ ಅತ್ಯಂತ ಬೆಲೆಯುಳ್ಳದ್ದು. ಯಂತ್ರ ತಾನೇ ಆಟವನ್ನು ನಿಲ್ಲಿಸುವುದು ಅಪರೂಪ. ಗಂಟೆಗೆ ನೂರಾರು ಆಟಗಳ ವೇಗದಲ್ಲಿ ಮರೆತುಹೋದ ಲೋಕ ಆಗ ಮರಳಿ ಕಣ್ಣಿಗೆ ಬೀಳುತ್ತದೆ. ಲಾಸ್ ವೇಗಾಸಿನ ಯಂತ್ರವ್ಯಸನಿಗಳನ್ನು ಕುರಿತು ಮಾನವಶಾಸ್ತ್ರಜ್ಞೆ ನತಾಶಾ ಡೌ ಶುಲ್ 2012ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ತಾವು ಆಡುವುದು ಗೆಲ್ಲಲೆಂದಲ್ಲ, ಆಡುತ್ತಲೇ ಇರಲೆಂದು ವ್ಯಸನಿಗಳು ಅವರಿಗೆ ಹೇಳಿದರಂತೆ. ಅಂಥವರಿಗೆ ಜಾಕ್‌ಪಾಟು ಎಂದರೆ ಸಂಪತ್ತಲ್ಲ. ಇನ್ನಷ್ಟು ಹೊತ್ತು ಆ ಕುರ್ಚಿಯಲ್ಲಿಯೇ ಕುಳಿತಿರಲು ದೊರೆತ ಪರವಾನಗಿ. ಎಣಿಸಿಕೊಟ್ಟ ನೋಟುಗಳು ಅದೇ ರಾತ್ರಿ ಅದೇ ಯಂತ್ರದ ಬಾಯಿಗೆ ಹೋಗುತ್ತವೆ. ಕೇಳಿದರೆ ಹಣವನ್ನು ಚೆಕ್ಕಿನ ರೂಪದಲ್ಲಿಯೂ ಕೊಡುವುದುಂಟು. ಯಂತ್ರಕ್ಕೆ ಚೆಕ್ಕನ್ನು ತಿನ್ನಿಸಲಾಗುವುದಿಲ್ಲವೆಂಬ ಒಂದೇ ಕಾರಣಕ್ಕೆ ಅದನ್ನು ಕೇಳಿ ಪಡೆಯುವುದು ವಿವೇಕ.

ವಿದ್ಯೆಯಿಂದ ಈ ಆಟದಲ್ಲಿ ಆಗುವ ಪ್ರಯೋಜನವೇನು? ನಷ್ಟ ಕಡಿಮೆಯಾಗುತ್ತದೆ, ಕೆಟ್ಟ ಯಂತ್ರ ಯಾವುದೆಂದು ತಿಳಿಯುತ್ತದೆ, ಬಂದುದು ಭಾಗ್ಯವಲ್ಲ, ಬಾಕಿ ಎಂಬ ಅರಿವು ಮೂಡುತ್ತದೆ. ಇಷ್ಟೇ ಆದರೆ ಅದು ಅರ್ಧ ವಿದ್ಯೆ. ನಳನು ಅಕ್ಷಹೃದಯವನ್ನು ಪಡೆದ ಮೇಲೆ ಊರೂರು ಅಲೆದು ಪಗಡೆಯಾಡಲಿಲ್ಲ. ಪುಷ್ಕರನೊಡನೆ ಒಮ್ಮೆ ಆಡಿದನು, ಕಳೆದುದನ್ನು ಮರಳಿ ಪಡೆದನು, ಎದ್ದನು. ಕಲಿ ಅವನನ್ನು ಬಿಟ್ಟುಹೋಗಿದ್ದನೆಂಬುದಕ್ಕೆ ಗೆದ್ದದ್ದಕ್ಕಿಂತ ಎದ್ದದ್ದೇ ದೊಡ್ಡ ಸಾಕ್ಷಿ.