ಫೋನಿನಲ್ಲಿ ಬರುವ ಬೀಜಗಣಿತ: ಹತ್ತನೇ ತರಗತಿಯ ಮಕ್ಕಳಿಗೆ ನೆರವಾಗುವವರ ಗಮನಕ್ಕೆ



ಅಕ್ಕಲಕೋಟ, ಜತ್ತ ಮತ್ತು ದಕ್ಷಿಣ ಸೊಲ್ಲಾಪುರ ಭಾಗದ ಕನ್ನಡ ಮಾಧ್ಯಮ ಶಾಲೆಗಳ ಹತ್ತನೇ ತರಗತಿಯ ಮಕ್ಕಳಿಗೆ ವಾಟ್ಸ್‌ಆ್ಯಪ್ ಮತ್ತು ವಿಡಿಯೊ ಕರೆಯ ಮೂಲಕ ಗಣಿತ ಹೇಳಿಕೊಡಲು ನಮ್ಮ ಸದಸ್ಯರಲ್ಲಿ ಹಲವರು ಮುಂದೆ ಬಂದಿದ್ದಾರೆ. ನಿವೃತ್ತ ಶಿಕ್ಷಕರಿದ್ದಾರೆ, ಪುಣೆ-ಮುಂಬಯಿಯಲ್ಲಿ ನೌಕರಿ ಮಾಡುವವರಿದ್ದಾರೆ, ಎಂಜಿನಿಯರಿಂಗ್ ಓದುತ್ತಿರುವ ತರುಣ-ತರುಣಿಯರೂ ಇದ್ದಾರೆ. ಎಲ್ಲರೂ ಕೇಳುವುದು ಒಂದೇ ಮಾತು: ಮಗು ಲೆಕ್ಕದ ಫೋಟೊ ಕಳಿಸುತ್ತದೆ, ನಾವು ಬಿಡಿಸಿ ಕಳಿಸಿದರೆ ಸಾಕೇ?

ಸಾಲದು ಎಂಬುದು ನಮ್ಮ ಅಭಿಪ್ರಾಯ. ಅದೇಕೆ ಎನ್ನುವುದನ್ನು ನಾಲ್ಕಾರು ಲೆಕ್ಕಗಳ ಮೂಲಕವೇ ಹೇಳುತ್ತೇವೆ. ಪುಸ್ತಕದಲ್ಲಿ ಎಕ್ಸ್, ವೈ ಎಂದಿರುವಲ್ಲಿ ಇಲ್ಲಿ ‘ಕ್ಷ’, ‘ಯ’ ಎಂದು ಬರೆದಿದ್ದೇವೆ.

ಮೊದಲು ಮಕ್ಕಳ ಪರಿಸ್ಥಿತಿ ತಿಳಿದಿರಲಿ. ಮಹಾರಾಷ್ಟ್ರದ ಹತ್ತನೇ ತರಗತಿಯಲ್ಲಿ ಗಣಿತಕ್ಕೆ ಎರಡು ಪುಸ್ತಕ, ಎರಡು ಪ್ರಶ್ನೆಪತ್ರಿಕೆ. ಭಾಗ ಒಂದು ಬೀಜಗಣಿತ, ಭಾಗ ಎರಡು ಭೂಮಿತಿ. ಒಂದೊಂದಕ್ಕೂ 40 ಅಂಕ, ಎರಡು ತಾಸು. ಬಾಲಭಾರತಿ ಈ ಪುಸ್ತಕಗಳನ್ನು ಕನ್ನಡದಲ್ಲೂ ಪ್ರಕಟಿಸುತ್ತದೆ, ಇ-ಬಾಲಭಾರತಿ ತಾಣದಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ನೆರವಾಗುವವರು ಮಾಡಬೇಕಾದ ಮೊದಲ ಕೆಲಸ ಅದೇ. ಏಕೆಂದರೆ ಯೂಟ್ಯೂಬಿನಲ್ಲಿ ಸಿಗುವ ಕನ್ನಡ ಗಣಿತ ಪಾಠಗಳಲ್ಲಿ ಬಹುಪಾಲು ಕರ್ನಾಟಕದ ಪಠ್ಯಕ್ಕೆ ಮಾಡಿದವು. 2018ರಲ್ಲಿ ಬಂದ ಇಲ್ಲಿನ ಪುಸ್ತಕದ ಮೊದಲ ಪಾಠದಲ್ಲೇ ಡಿಟರ್ಮಿನೆಂಟ್ ಬಳಸಿ ಸಮೀಕರಣ ಬಿಡಿಸುವ ಕ್ರೇಮರ್ ಪದ್ಧತಿ ಇದೆ. ಕರ್ನಾಟಕದಲ್ಲಿ ಡಿಟರ್ಮಿನೆಂಟ್ ಬರುವುದು ದ್ವಿತೀಯ ಪಿಯುಸಿಯಲ್ಲಿ. ಜತ್ತದ ಹುಡುಗಿ ಕನ್ನಡದಲ್ಲಿ ಹುಡುಕಿದರೆ ತನಗಿಂತ ಎರಡು ವರ್ಷ ದೊಡ್ಡವರ ಪಾಠ ಎದುರಾಗುತ್ತದೆ.

ಮರಾಠಿ ವಿಡಿಯೊ ನೋಡೋಣವೆಂದರೆ ಪಠ್ಯ ಸರಿ, ಪದ ತೊಡಕು. ಮರಾಠಿಯಲ್ಲಿ ‘ಮೂಳ ಸಂಖ್ಯಾ’ ಎಂದರೆ ನಮ್ಮ ಅವಿಭಾಜ್ಯ ಸಂಖ್ಯೆ, ಅಂದರೆ 2, 3, 5, 7 ಮುಂತಾದವು. ಕನ್ನಡದ ಮಗುವಿನ ಕಿವಿಗೆ ಅದು ‘ಮೂಲ’ ಎಂದು ಬಿದ್ದು, ವರ್ಗಮೂಲದ ಮಾತೋ ಸಮೀಕರಣದ ಮೂಲದ ಮಾತೋ ಎಂದು ಗೊಂದಲವಾಗುತ್ತದೆ. ನಮ್ಮ ಲ.ಸಾ.ಅ. ಅವರಲ್ಲಿ ಲ.ಸಾ.ವಿ. ಇವೆಲ್ಲ ಸಣ್ಣ ವಿಷಯ ನಿಜ, ಆದರೆ ಹದಿನೈದು ವರ್ಷದ ಮಗುವಿಗೆ ‘ನನಗೆ ಗಣಿತ ಬರೋದಿಲ್ಲ’ ಅನ್ನಿಸಲು ಇಂಥ ನಾಲ್ಕು ಸಣ್ಣ ವಿಷಯ ಸಾಕು. ಪಾಲಕರು ಅದನ್ನೇ ‘ಕನ್ನಡದಾಗ ಓದಿದ್ರ ಗಣಿತ ಬರೂದಿಲ್ಲ’ ಎಂದು ತಿಳಿದು ತಂಗಿಯನ್ನೋ ತಮ್ಮನನ್ನೋ ಬೇರೆ ಮಾಧ್ಯಮಕ್ಕೆ ಹಾಕುತ್ತಾರೆ. ಕನ್ನಡ ಶಾಲೆಯ ಹಾಜರಿ ಪುಸ್ತಕ ತೆಳ್ಳಗಾಗುವುದರಲ್ಲಿ ಬೀಜಗಣಿತದ ಪಾಲೂ ಇದೆ.

ಈಗ ಲೆಕ್ಕಕ್ಕೆ ಬರೋಣ. ತಂದೆಯ ಇಂದಿನ ವಯಸ್ಸು ಮಗನ ವಯಸ್ಸಿನ ನಾಲ್ಕು ಪಟ್ಟು. ಐದು ವರ್ಷಗಳ ನಂತರ ತಂದೆಯ ವಯಸ್ಸು ಮಗನ ವಯಸ್ಸಿನ ಮೂರು ಪಟ್ಟು ಆಗುತ್ತದೆ. ಹಾಗಾದರೆ ಇಬ್ಬರ ಇಂದಿನ ವಯಸ್ಸೆಷ್ಟು?

ಮಗು ಬರೆಯುತ್ತದೆ: 4ಕ್ಷ + 5 = 3ಕ್ಷ + 5. ಬಿಡಿಸಿದರೆ ಕ್ಷ = 0. ಮಗನ ವಯಸ್ಸು ಸೊನ್ನೆ! ‘ಲೆಕ್ಕಾನ ತಪ್ಪದರಿ ಸರ್’ ಎಂದು ಫೋಟೊ ಬರುತ್ತದೆ. ಇಲ್ಲಿ ನೀವು ಪೂರ್ತಿ ಬಿಡಿಸಿ ಕಳಿಸಿದರೆ ಮಗು ನಕಲು ಮಾಡಿಕೊಳ್ಳುತ್ತದೆ, ‘ಥ್ಯಾಂಕ್ಸ್’ ಎನ್ನುತ್ತದೆ, ಮುಂದಿನ ವಯಸ್ಸಿನ ಲೆಕ್ಕದಲ್ಲಿ ಮತ್ತೆ ಅದನ್ನೇ ಬರೆಯುತ್ತದೆ. ಅದರ ಬದಲು ಒಂದೇ ಪ್ರಶ್ನೆ ಕೇಳಿ: ‘ಐದು ವರ್ಷ ಆದ ಮ್ಯಾಲ ಮಗನ ವಯಸ್ಸು ಎಷ್ಟ ಆಗ್ತದವ್ವಾ?’ ‘ಕ್ಷ ಕೂಡಿಸು ಐದು ರಿ.’ ‘ಅದರ ಮೂರು ಪಟ್ಟು?’ ಇಲ್ಲಿ ಮಗು ಒಂದು ಕ್ಷಣ ಸುಮ್ಮನಾಗುತ್ತದೆ. ಆ ಮೌನವನ್ನು ನೀವು ತುಂಬಲು ಹೋಗಬೇಡಿ. ಆವರಣ ಹಾಕಬೇಕೆಂಬುದು ಅದಕ್ಕೇ ಹೊಳೆಯುತ್ತದೆ: 3(ಕ್ಷ + 5), ಅಂದರೆ 3ಕ್ಷ + 15. ಆಗ ಮಗ 10, ತಂದೆ 40. ಐದು ವರ್ಷದ ನಂತರ 15 ಮತ್ತು 45, ತಾಳೆ ಬಿತ್ತು. ತಾಳೆ ನೋಡುವುದನ್ನು ಮಾತ್ರ ಬಿಡಲೇಬೇಡಿ.

ಇಲ್ಲಿ ಮಗುವಿಗೆ ಸಮೀಕರಣ ಬಿಡಿಸಲು ಬರುತ್ತಿತ್ತು, ತಪ್ಪಿದ್ದು ವಾಕ್ಯದಿಂದ ಸಮೀಕರಣಕ್ಕೆ ಬರುವ ಹಾದಿಯಲ್ಲಿ. ಆದ್ದರಿಂದಲೇ ಬರೀ ಪ್ರಶ್ನೆಯ ಫೋಟೊ ಬಂದರೆ ಉತ್ತರ ಕೊಡಬೇಡಿ, ‘ನೀ ಎಲ್ಲೀತನ ಮಾಡೀದಿ ಅದನ್ನ ಕಳಸು’ ಎನ್ನಿ. ಒಂದು ಸಾಲು ಬರೆದಿದ್ದರೂ ಸಾಕು, ಎಡವಿದ ಜಾಗ ಕಾಣುತ್ತದೆ. ಸಮೀಕರಣ ತೋರಿಸಿದರೆ ಥಟ್ಟನೆ ಬಿಡಿಸಿಕೊಡುವ ಆ್ಯಪ್‌ಗಳು ಈಗ ಬೇಕಾದಷ್ಟಿವೆ. ಪರೀಕ್ಷೆಯ ಕೋಣೆಯಲ್ಲಿ ಮಗುವಿನ ಕೈಯಲ್ಲಿ ಅವು ಇರುವುದಿಲ್ಲ.

ಮಾತನ್ನು ಸಮೀಕರಣ ಮಾಡುವಾಗ ಕನ್ನಡ ಅಡ್ಡಿಯೇ? ಒಂದು ಕಡೆ ಅನುಕೂಲವೇ ಇದೆ. ‘ಒಂದು ಸಂಖ್ಯೆಯ ಮೂರು ಪಟ್ಟಿಗಿಂತ 5 ಕಡಿಮೆ’ ಎಂಬುದನ್ನು ಕೇಳಿದ ಕ್ರಮದಲ್ಲೇ ಬರೆಯುತ್ತ ಹೋಗಿ: ಸಂಖ್ಯೆ ಕ್ಷ, ಮೂರು ಪಟ್ಟು 3ಕ್ಷ, ಐದು ಕಡಿಮೆ 3ಕ್ಷ − 5. ಇದೇ ಮಾತು ಇಂಗ್ಲಿಷಿನಲ್ಲಿ ‘ಐದು ಕಡಿಮೆ’ ಎಂದು ಶುರುವಾಗುವುದರಿಂದ ಅಲ್ಲಿಯ ಮಕ್ಕಳು ಕೈ ತಪ್ಪಿ 5 − 3ಕ್ಷ ಎಂದು ಬರೆಯುವುದುಂಟು. ಇಂಗ್ಲಿಷಿನಲ್ಲಿ ಗಣಿತ ಸುಲಭ ಎನ್ನುವ ಪಾಲಕರಿಗೆ ಇದನ್ನೊಮ್ಮೆ ತೋರಿಸಬೇಕು.

ಎಲ್ಲ ಭಾಷೆಯವರೂ ಎಡವುವ ಜಾಗ ಇನ್ನೊಂದಿದೆ. ‘ಒಂದು ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಸಂಖ್ಯೆ ಪ್ರಾಧ್ಯಾಪಕರ ಸಂಖ್ಯೆಯ ಆರು ಪಟ್ಟು’ ಎಂಬುದನ್ನು ಸಮೀಕರಣವಾಗಿ ಬರೆಯಿರಿ ಎಂದು 1980ರ ಸುಮಾರಿಗೆ ಅಮೆರಿಕದಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಕೇಳಿದರು. ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ತಪ್ಪಿದರು. ‘ವಿ’ ವಿದ್ಯಾರ್ಥಿಗಳ ಸಂಖ್ಯೆ, ‘ಪ್ರಾ’ ಪ್ರಾಧ್ಯಾಪಕರ ಸಂಖ್ಯೆ ಎಂದಾದರೆ ಸರಿಯಾದದ್ದು ವಿ = 6ಪ್ರಾ. ತಪ್ಪಿದವರಲ್ಲಿ ಹೆಚ್ಚಿನವರು ಬರೆದದ್ದು 6ವಿ = ಪ್ರಾ. ಅಕ್ಷರವನ್ನು ಸಂಖ್ಯೆಯೆಂದು ತಿಳಿಯದೆ ವಸ್ತುವಿನ ಹೆಸರೆಂದು ತಿಳಿದರೆ ಹೀಗಾಗುತ್ತದೆ. ಮಗು ‘ಕ್ಷ ಅಂದರ ಪೆನ್ನು’ ಎಂದರೆ ಅಲ್ಲಿಯೇ ತಡೆದು ‘ಕ್ಷ ಅಂದರ ಒಂದು ಪೆನ್ನಿನ ಬೆಲಿ, ರೂಪಾಯಿದಾಗ’ ಎಂದು ಬರೆಸಿ. ಈ ಒಂದು ಸಾಲಿನ ರೂಢಿಯಿಂದ ಅರ್ಧ ತಪ್ಪು ಕಡಿಮೆಯಾಗುತ್ತವೆ.

ಅಂಕಿಗಳ ಅದಲುಬದಲು ಲೆಕ್ಕವೂ ಇದೇ ಜಾತಿಯದು. ಎರಡಂಕಿಯ ಒಂದು ಸಂಖ್ಯೆಗೆ ಅದರ ಅಂಕಿಗಳನ್ನು ತಿರುವಿದ ಸಂಖ್ಯೆ ಕೂಡಿಸಿದರೆ 121. ಬಿಡಿ ಸ್ಥಾನದ ಅಂಕಿ ಹತ್ತರ ಸ್ಥಾನದ್ದಕ್ಕಿಂತ 5 ಹೆಚ್ಚು. ಆ ಸಂಖ್ಯೆ ಯಾವುದು? ಮಕ್ಕಳು ಸಂಖ್ಯೆಯನ್ನು ‘ಕ್ಷಯ’ ಎಂದು ಜೋಡಿಸಿ ಬರೆಯುತ್ತಾರೆ. ಅದು ಗುಣಾಕಾರ. (ಕನ್ನಡದಲ್ಲಿ ರೋಗದ ಹೆಸರೂ ಹೌದು, ಇರಲಿ.) ‘47ರಾಗ ನಾಲ್ಕರ ಬೆಲಿ ಎಷ್ಟು?’ ಎಂದು ಕೇಳಿದರೆ ‘ನಲವತ್ತು’ ಎನ್ನಲು ಯಾರಿಗೂ ಕಷ್ಟವಿಲ್ಲ. ಅಲ್ಲಿಂದ 10ಕ್ಷ + ಯ ಬರುತ್ತದೆ, ತಿರುವಿದ್ದು 10ಯ + ಕ್ಷ. ಕೂಡಿಸಿದರೆ 11ಕ್ಷ + 11ಯ = 121, ಅಂದರೆ ಕ್ಷ + ಯ = 11. ಯ − ಕ್ಷ = 5 ಇದ್ದೇ ಇದೆ. ಸಂಖ್ಯೆ 38. ಸಮಯವಿದ್ದರೆ ಬೇರೆ ಸಂಖ್ಯೆಗಳನ್ನೂ ತಿರುವಿ ಕೂಡಿಸಲು ಹೇಳಿ: 27 ಮತ್ತು 72 ಸೇರಿ 99, 26 ಮತ್ತು 62 ಸೇರಿ 88. ಎಲ್ಲವೂ ಹನ್ನೊಂದರಿಂದ ಭಾಗ ಹೋಗುವುದೇಕೆ ಎಂದು ಮಗು ತಾನಾಗಿ ಕೇಳಿದರೆ ಆ ದಿನದ ಪಾಠ ಚೆನ್ನಾಗಿ ಆಯಿತೆಂದೇ ಅರ್ಥ.

ಕ್ರೇಮರ್ ಪದ್ಧತಿಯಲ್ಲಿ ತಪ್ಪುವುದು ಚಿಹ್ನೆ ಒಂದೇ. 2ಕ್ಷ − 3ಯ = 1 ಮತ್ತು ಕ್ಷ + 4ಯ = 17 ತೆಗೆದುಕೊಳ್ಳಿ. ಮುಖ್ಯ ಡಿಟರ್ಮಿನೆಂಟ್ 2 × 4 − (−3) × 1, ಅಂದರೆ 8 + 3 = 11. ಅವಸರದಲ್ಲಿ 8 − 3 = 5 ಎಂದು ಬರೆದರೆ ಮುಂದಿನದೆಲ್ಲ ಹಾಳು. ಸರಿಯಾಗಿ ಮಾಡಿದರೆ ಕ್ಷ = 55 ÷ 11 = 5, ಯ = 33 ÷ 11 = 3. ಋಣ ಸಂಖ್ಯೆಗೆ ಯಾವಾಗಲೂ ಆವರಣ ಹಾಕಿಸುವುದೇ ಇದಕ್ಕೆ ಮದ್ದು.

ಶ್ರೇಢಿಯಲ್ಲಿ ಮಕ್ಕಳು ಕಳೆದುಕೊಳ್ಳುವುದು ಒಂದನ್ನು. ಏಳರಿಂದ ಭಾಗ ಹೋಗುವ ಮೂರಂಕಿಯ ಸಂಖ್ಯೆಗಳೆಷ್ಟು? ಮೊದಲನೆಯದು 105, ಕೊನೆಯದು 994. ವ್ಯತ್ಯಾಸ 889, ಏಳರಿಂದ ಭಾಗಿಸಿದರೆ 127. ಉತ್ತರ ಮಾತ್ರ 128. ಸೂತ್ರ ನೆನಪಿಸುವ ಮೊದಲು ‘5ರಿಂದ 8ರತನ ಬಟ್ಟು ಎಣಿಸು’ ಎನ್ನಿ. ಎಂಟರಲ್ಲಿ ಐದು ಕಳೆದರೆ ಮೂರು, ಬೆರಳು ಮಾತ್ರ ನಾಲ್ಕು. ದೊಡ್ಡ ಲೆಕ್ಕದಲ್ಲಿ ಸಿಕ್ಕಿಕೊಂಡವರಿಗೆ ಅದೇ ಲೆಕ್ಕದ ಸಣ್ಣ ರೂಪ ಕೊಡುವುದು ಎಲ್ಲ ಪಾಠಕ್ಕೂ ನಡೆಯುತ್ತದೆ.

ಫೋನಿನ ಬಗ್ಗೆ ಕೆಲವು ಮಾತು. ಸಮೀಕರಣವನ್ನು ಟೈಪ್ ಮಾಡಬೇಡಿ. ‘ಕ್ಷ + 3/2’ ಎಂದು ಬರೆದರೆ ಎರಡರಿಂದ ಭಾಗಿಸಬೇಕಾದ್ದು ಮೂರನ್ನೋ ಇಡೀ ಪದವನ್ನೋ ತಿಳಿಯುವುದಿಲ್ಲ. ಕಾಗದದ ಮೇಲೆ ಬರೆದು ಫೋಟೊ ಕಳಿಸುವುದೇ ಒಳ್ಳೆಯದು. ಎಷ್ಟೋ ಮನೆಗಳಲ್ಲಿ ಇರುವುದು ತಂದೆಯ ಒಂದೇ ಫೋನು, ಅದು ಮಗುವಿನ ಕೈಗೆ ಬರುವುದು ರಾತ್ರಿ. ನಿಮ್ಮ ಪ್ರಶ್ನೆಗೆ ಮರುದಿನ ಉತ್ತರ ಬಂದರೂ ಬೇಸರ ಬೇಡ. ಉದ್ದನೆಯ ವಿಡಿಯೊಗಿಂತ ಅರ್ಧ ನಿಮಿಷದ ಧ್ವನಿ ಸಂದೇಶ ಉಪಯೋಗಕ್ಕೆ ಬರುತ್ತದೆ. ಇನ್ನೊಂದು ಕಟ್ಟುನಿಟ್ಟಿನ ಮಾತು: ಮಕ್ಕಳೊಂದಿಗೆ ಖಾಸಗಿ ಸಂದೇಶ ಬೇಡ, ಪಾಲಕರು ಅಥವಾ ಶಾಲೆಯ ಶಿಕ್ಷಕರು ಇರುವ ಗುಂಪಿನಲ್ಲೇ ಎಲ್ಲ ನಡೆಯಲಿ.

ಹೆಸರು ಕೊಡುವವರು ಯಾವ ಪಾಠ, ವಾರಕ್ಕೆ ಎಷ್ಟು ಹೊತ್ತು ಎಂದು ತಿಳಿಸಿ. ಸಮೀಕರಣ, ಶ್ರೇಢಿಗಳಿಗೆ ಜನ ಸಿಗುತ್ತಾರೆ. ಹಣಕಾಸಿನ ಪಾಠಕ್ಕೆ ಜಿಎಸ್‌ಟಿ, ಷೇರು, ಮ್ಯೂಚುವಲ್ ಫಂಡ್ ಬಲ್ಲವರು ಬೇಕು. ಅಂಗಡಿ ನಡೆಸುವ ನಮ್ಮ ಸದಸ್ಯರೇ ಅದಕ್ಕೆ ತಕ್ಕವರು. ಶೇಕಡಾ 18ರ ತೆರಿಗೆಯಲ್ಲಿ ಕೇಂದ್ರಕ್ಕೆ 9, ರಾಜ್ಯಕ್ಕೆ 9 ಹೋಗುವುದನ್ನು ಒಂದು ನಿಜವಾದ ಬಿಲ್ಲಿನ ಫೋಟೊ ಮೇಲೆ, ಗಿರಾಕಿಯ ಹೆಸರು ಮುಚ್ಚಿ, ತೋರಿಸಿದರಾಯಿತು.