ಹೆಸರಿನಲ್ಲಿ ಮುಂಬಯಿ, ನೆಲೆಯಲ್ಲಿ ಉತ್ತರ ಕನ್ನಡ: ಒಂದು ಪೊದೆಗಪ್ಪೆಯ ವಿಚಾರ

ಪ್ರಾಣಿಶಾಸ್ತ್ರಜ್ಞರು ‘ರಾವೋರ್ಕೆಸ್ಟಿಸ್ ಬಾಂಬೆಯೆನ್ಸಿಸ್’ ಎಂದು ಕರೆಯುವ ಪೊದೆಗಪ್ಪೆಯ ಹೆಸರನ್ನು ಕಂಡ ಹೊರನಾಡಿನ ಸಂಶೋಧಕರು ಅದರ ಮೂಲನೆಲೆಯನ್ನು ಮುಂಬಯಿಯ ಆಸುಪಾಸಿನಲ್ಲಿ ಹುಡುಕುವ ಸಂಭವವುಂಟು. ವಾಸ್ತವವಾಗಿ, 1919ರಲ್ಲಿ ನೆಲ್ಸನ್ ಅನ್ನಾಂಡೇಲ್ ಅವರು ವರ್ಣಿಸಿದ ಮೂಲ ಮಾದರಿಯು ದೊರೆತದ್ದು ಗೋವಾ ಗಡಿಗೆ ಹೊಂದಿಕೊಂಡ ಕ್ಯಾಸಲ್‌ರಾಕ್‌ನಲ್ಲಿ. ಅಂದು ಉತ್ತರ ಕನ್ನಡ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1956ರ ಪುನರ್ವಿಂಗಡಣೆಯಲ್ಲಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಬಂದಿತು; ಕಪ್ಪೆಯ ಹೆಸರು ಮಾತ್ರ ಹಾಗೆಯೇ ಉಳಿಯಿತು.

ಹೆಸರಿನ ಪೂರ್ವಾರ್ಧದಲ್ಲಿ ಇನ್ನೊಂದು ಇತಿಹಾಸವಿದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರವನ್ನು ಬೋಧಿಸುತ್ತಿದ್ದ ಸಿ. ಆರ್. ನಾರಾಯಣರಾಯರು ದಕ್ಷಿಣ ಭಾರತದ ಕಪ್ಪೆಗಳ ಅಧ್ಯಯನದಲ್ಲಿ ಅಗ್ರಗಣ್ಯರು; 1932ರಲ್ಲಿ ಆರಂಭವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಪ್ರಥಮ ಸಂಪಾದಕರು. 2010ರಲ್ಲಿ ಎಸ್. ಡಿ. ಬಿಜು ಮತ್ತು ಸಂಗಡಿಗರು ಅದೇ ಪತ್ರಿಕೆಯಲ್ಲಿ ಹೊಸ ಕುಲವೊಂದನ್ನು ಸ್ಥಾಪಿಸಿ, ರಾಯರ ಹೆಸರನ್ನು ಅದಕ್ಕಿತ್ತರು. ಪುಣೆಯ ವಿದ್ವಾಂಸರೂ ಈ ಕುಲದ ಅಧ್ಯಯನವನ್ನು ಬೆಳೆಸಿದ್ದಾರೆ. ಮಹಾರಾಷ್ಟ್ರದ ಸಹ್ಯಾದ್ರಿಯಲ್ಲಿ ದೊರೆತ ಒಂದು ಪ್ರಭೇದಕ್ಕೆ 2013ರಲ್ಲಿ ಪುಣೆಯ ಪ್ರಾಣಿಶಾಸ್ತ್ರ ಪ್ರಾಧ್ಯಾಪಕ ಹೇಮಂತ ಘಾಟೆಯವರ ಹೆಸರನ್ನಿಡಲಾಯಿತು.

ಈ ಕುಲದ ವೈಶಿಷ್ಟ್ಯವಿರುವುದು ಸಂತಾನಕ್ರಮದಲ್ಲಿ. ಮಲಬಾರಿನ ಹಾರುಗಪ್ಪೆಯು ನೀರಿನ ಮೇಲೆ ಚಾಚಿದ ಎಲೆಗಳಲ್ಲಿ ನೊರೆಗೂಡು ಕಟ್ಟುತ್ತದೆ. ಅದರ ಗೊದಮೊಟ್ಟೆಗಳು ಕೆಳಗಿನ ನೀರಿಗೆ ಬಿದ್ದು ಬೆಳೆಯುತ್ತವೆ. ಪೊದೆಗಪ್ಪೆಗಳಲ್ಲಾದರೋ ಈಜುವ ಗೊದಮೊಟ್ಟೆಯ ಅವಸ್ಥೆಯೇ ಇಲ್ಲ. ಬೆಳವಣಿಗೆಯೆಲ್ಲ ತತ್ತಿಯೊಳಗೇ ಮುಗಿದು, ಪುಟ್ಟ ಕಪ್ಪೆಯೇ ಹೊರಬರುತ್ತದೆ. ಆದುದರಿಂದ ಇವಕ್ಕೆ ಕೆರೆ ಹೊಂಡಗಳ ಹಂಗಿಲ್ಲ. ಆದರೆ ಚಿಪ್ಪಿಲ್ಲದ ತತ್ತಿಯು ಒಣಗದಿರಬೇಕಾದರೆ ಮಳೆಗಾಲದ ಎಡೆಬಿಡದ ತೇವ ಬೇಕು; ಆ ತೇವವನ್ನು ಕಾಯುವುದು ಮರಗಳ ನೆರಳು, ಪೊದೆ ಮತ್ತು ತರಗೆಲೆ. ಮರ ಕಡಿದು ಬಿಸಿಲು ಬಿದ್ದರೆ, ಹತ್ತಿರದಲ್ಲಿ ಹಳ್ಳ ತುಂಬಿ ಹರಿಯುತ್ತಿದ್ದರೂ ತತ್ತಿಗೆ ಅದರಿಂದ ಪ್ರಯೋಜನವಿಲ್ಲ.

ಕ್ಯಾಸಲ್‌ರಾಕ್‌ನ ಕಾಡಿಗೆ ಈ ವಿಚಾರ ನೇರವಾಗಿ ಸಂಬಂಧಿಸಿದೆ. ಅಲ್ಲಿಂದ ಗೋವಾದ ಕುಳೆಗೆ ಇಳಿಯುವ ರೈಲುಮಾರ್ಗವನ್ನು ಜೋಡಿಮಾರ್ಗವಾಗಿಸಲು ದೊರೆತಿದ್ದ ವನ್ಯಜೀವಿ ಅನುಮೋದನೆಯನ್ನು ಸರ್ವೋಚ್ಚ ನ್ಯಾಯಾಲಯವು 2022ರ ಮೇ ತಿಂಗಳಲ್ಲಿ ರದ್ದುಪಡಿಸಿತು. ಇಂತಹ ಯೋಜನೆಗಳ ಪರಿಣಾಮವನ್ನು ಅಳೆಯುವಾಗ ಜಲಾಶಯಗಳನ್ನಷ್ಟೇ ಪರಿಶೀಲಿಸಿದರೆ ಈ ಕಪ್ಪೆಯು ಲೆಕ್ಕಕ್ಕೇ ಬಾರದು.

ಹೀಗಾಗಿ ಹಳೆಯ ದಾಖಲೆಗಳಲ್ಲಿ ‘ಮುಂಬಯಿ ಪ್ರಾಂತ’ ಎಂಬ ಮಾತು ಕಂಡಾಗ ಜಿಲ್ಲೆಯ ಹೆಸರನ್ನೂ ಗಮನಿಸುವುದು ಅಗತ್ಯ. ಮೂಲನೆಲೆಯನ್ನು ತಪ್ಪಾಗಿ ಗುರುತಿಸಿದರೆ ಹೋಲಿಕೆಗೆ ಬೇಕಾದ ಮಾದರಿಗಳನ್ನು ಬೇರೆ ಕಾಡಿನಿಂದ ತಂದಂತಾಗುತ್ತದೆ. ಪ್ರಭೇದ ನಿರ್ಣಯವೂ ಅದರೊಡನೆ ತಪ್ಪುತ್ತದೆ.