ಉತ್ತಮ ಪುರುಷದಲ್ಲಿ ಸಮರ: ಅಂತರ್ಜಾಲದ ಆಟಗಳಲ್ಲಿ ಕದನದ ಸುಧಾರಣೆ

ಬಿ.ಎಲ್. ರೈಸ್ ಅವರು 1902ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಐದನೆಯ ಸಂಪುಟದಲ್ಲಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಶಾಸನಗಳು ಸೇರಿವೆ. ಅವುಗಳಲ್ಲಿ ವೀರಗಲ್ಲಿನ ಶಾಸನಗಳೂ ಉಂಟು. ಇಂತಹ ಕಲ್ಲಿನ ಕೆಳಪಟ್ಟಿಕೆಯಲ್ಲಿ ಸಾಮಾನ್ಯವಾಗಿ ಕದನ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವಸನ್ನಿಧಿ. ಇಂಥವನು ಕಾದಿ ಮಡಿದನೆಂದು ಶಾಸನ ಹೇಳುತ್ತದೆ. ಹೇಳುವವನೂ ನೋಡುವವನೂ ಕದನದ ಹೊರಗಿರುತ್ತಾರೆ. ಇದೇ ಜಿಲ್ಲೆಯ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಭಿತ್ತಿಯಲ್ಲಿ ಚಕ್ರವ್ಯೂಹದ ಸುತ್ತುಗಳೆಲ್ಲ ನಮಗೆ ಒಂದೇ ನೋಟಕ್ಕೆ ಕಾಣುತ್ತವೆ. ಒಳಹೊಕ್ಕ ಅಭಿಮನ್ಯುವಿಗೆ ಆ ನೋಟ ದಕ್ಕಿರಲಿಲ್ಲ.

ಅಭಿಮನ್ಯುವಿನ ಆ ಕಣ್ಣನ್ನೇ ಆಟಗಾರನಿಗೆ ಕೊಡುವುದು ಇಂದಿನ ವಿಡಿಯೋ ಗೇಮುಗಳ ಒಂದು ಪ್ರಮುಖ ಪ್ರಕಾರ. ಇದನ್ನು ಕೆಲವರು 'ಪ್ರಥಮ ಪುರುಷ' ಆಟವೆಂದು ಅನುವಾದಿಸುವುದುಂಟು. ನಮ್ಮ ವ್ಯಾಕರಣದಲ್ಲಿ 'ನಾನು' ಎಂಬುದು ಉತ್ತಮ ಪುರುಷ, 'ಅವನು' ಎಂಬುದು ಪ್ರಥಮ ಪುರುಷ. ಆದುದರಿಂದ ಉತ್ತಮ ಪುರುಷ ಸಮರವೆಂದರೇ ಸರಿ. ಪರದೆಯ ಮೇಲೆ ಕಾಣುವುದು ಆಯುಧ ಹಿಡಿದ ಕೈ ಮಾತ್ರ. ಪೆಟ್ಟು ಹಿಂದಿನಿಂದ ಬಂದರೆ ಬಂದ ದಿಕ್ಕೇ ತಿಳಿಯದು. ಆಯುಧಗಳ ಸಂಖ್ಯೆಯನ್ನು ಹೆಚ್ಚಿಸುವುದೇ ಸುಧಾರಣೆಯೆಂಬ ನಂಬಿಕೆ ಆಟಗಾರರಲ್ಲಿ ವ್ಯಾಪಕವಾಗಿದೆ. ಈ ಲೇಖಕನ ಅಭಿಪ್ರಾಯದಲ್ಲಿ ಮೂಲ ಸಮಸ್ಯೆ ಇರುವುದು ಕಾಲದಲ್ಲಿ.

ಅರಕಲಗೂಡಿನ ಆಟಗಾರನೊಬ್ಬ ಶತ್ರುವಿನತ್ತ ಗುಂಡು ಹಾರಿಸಿದನೆನ್ನೋಣ. ಆ ಸಂಗತಿ ದೂರದ ಸರ್ವರನ್ನು ತಲುಪಿ, ತೀರ್ಪು ಮರಳಿ ಬರಬೇಕು. ಗಾಜಿನ ತಂತುವಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು. ಹಾಸನದಿಂದ ಮುಂಬಯಿಗೆ ನೇರ ದೂರ ಸುಮಾರು 750 ಕಿ.ಮೀ., ಸಿಂಗಪುರಕ್ಕೆ ಸುಮಾರು 3,300 ಕಿ.ಮೀ. ಹೋಗಿಬರಲು ಕ್ರಮವಾಗಿ 7.5 ಮತ್ತು 33 ಮಿಲಿಸೆಕೆಂಡುಗಳಾದರೂ ಬೇಕು. ಇದು ಪ್ರಕೃತಿ ವಿಧಿಸಿದ ಕನಿಷ್ಠ ಸುಂಕ. ತಂತುಗಳು ನೇರ ಹಾದಿಯಲ್ಲಿ ಹೋಗುವುದಿಲ್ಲ. ನಡುವಣ ಯಂತ್ರಗಳು ತಮ್ಮ ಪಾಲನ್ನು ಸೇರಿಸುತ್ತವೆ. ಮೊಬೈಲ್ ಸಂಕೇತವಾದರೆ ವಿಳಂಬವು ಕ್ಷಣಕ್ಕೊಂದು ಬಗೆಯಾಗಿರುತ್ತದೆ. ನೂರು ಮಿಲಿಸೆಕೆಂಡು ತಡವಾದರೂ, ಸೆಕೆಂಡಿಗೆ ಆರು ಮೀಟರ್ ಓಡುವ ಶತ್ರು ಅಷ್ಟರಲ್ಲಿ 60 ಸೆಂಟಿಮೀಟರ್ ಸರಿದಿರುತ್ತಾನೆ. ಪರದೆಯಲ್ಲಿ ಕಾಣುವವನು ಅಲ್ಲಿರುವುದೇ ಇಲ್ಲ!

ಇದಕ್ಕೆ ಎರಡು ಉಪಾಯಗಳು ರೂಢಿಗೆ ಬಂದವು. 1996ರ 'ಕ್ವೇಕ್‌ವರ್ಲ್ಡ್'ನಲ್ಲಿ ಜಾನ್ ಕಾರ್ಮ್ಯಾಕ್ ಅಳವಡಿಸಿದ ಮುನ್ನಂದಾಜಿನ ವಿಧಾನದಲ್ಲಿ ಆಟಗಾರನ ಕಂಪ್ಯೂಟರು ಸರ್ವರಿನ ಒಪ್ಪಿಗೆಗೆ ಕಾಯದೆ ಅವನನ್ನು ಚಲಿಸಗೊಡುತ್ತದೆ. ತಪ್ಪಿದ್ದರೆ ಅನಂತರ ತಿದ್ದುತ್ತದೆ. ಎರಡನೆಯದನ್ನು ವಾಲ್ವ್ ಸಂಸ್ಥೆಯ ಯಾನ್ ಬರ್ನಿಯರ್ 2001ರ ಪ್ರಬಂಧದಲ್ಲಿ ವಿವರಿಸಿದ್ದಾರೆ: ಸರ್ವರು ಕಾಲವನ್ನು ಹಿಂದಕ್ಕೆ ಸರಿಸಿ, ಗುಂಡು ಹಾರಿಸಿದವನಿಗೆ ಆ ಕ್ಷಣ ಏನು ಕಂಡಿತ್ತೋ ಅದನ್ನೇ ಆಧರಿಸಿ ತೀರ್ಪು ಕೊಡುತ್ತದೆ.

ಆದರೆ ಹೊಡೆದವನಿಗೆ ಸಿಕ್ಕ ನ್ಯಾಯ ಹೊಡೆಸಿಕೊಂಡವನಿಗೆ ಅನ್ಯಾಯವಾಗಿ ತೋರುತ್ತದೆ. ಅವನ ಕಣ್ಣಿನ ಪ್ರಕಾರ ಅವನು ಆಗಲೇ ಗೋಡೆಯ ಮರೆಗೆ ಸೇರಿದ್ದ, ಮರೆಯಲ್ಲಿದ್ದೂ ಸತ್ತ. ವಿಜ್ಞಾನಕಥೆಯ ಹಿನ್ನೆಲೆಯ 'ಪ್ಲಾನೆಟ್‌ಸೈಡ್ 2' (2012) ಇದಕ್ಕೆ ಒಳ್ಳೆಯ ನಿದರ್ಶನ. 2015ರ ಜನವರಿಯಲ್ಲಿ ಅದರ ಒಂದೇ ಕದನದಲ್ಲಿ 1,158 ಮಂದಿ ಪಾಲ್ಗೊಂಡು ಗಿನ್ನೆಸ್ ದಾಖಲೆಯಾಯಿತು. ಅಲ್ಲಿ ಗುಂಡು ತಗುಲಿತೇ ಎಂಬುದನ್ನು ಹಾರಿಸಿದವನ ಕಂಪ್ಯೂಟರೇ ನಿರ್ಣಯಿಸುತ್ತದೆ. ಗೋಡೆಯ ಹಿಂದಿನ ಸಾವು ಆ ಆಟದವರಿಗೆ ಹಳೆಯ ದೂರು.

ಹಾಗಾದರೆ ಕಾಲವನ್ನು ಎಷ್ಟು ಹಿಂದಕ್ಕೆ ಸರಿಸಬೇಕು? ಮಿತಿಯನ್ನು ಬಿಗಿಗೊಳಿಸಿದರೆ ದುರ್ಬಲ ಸಂಪರ್ಕದ ಹಳ್ಳಿಯ ಆಟಗಾರ ಶತ್ರುವಿರುವೆಡೆಯನ್ನು ಬಿಟ್ಟು, ಅವನು ಮುಂದೆ ಇರಬಹುದಾದೆಡೆಗೆ ಗುರಿಯಿಡಬೇಕಾಗುತ್ತದೆ. ಸಡಿಲಿಸಿದರೆ ಉತ್ತಮ ಸಂಪರ್ಕವಿದ್ದವನು ಮರೆಯಲ್ಲೇ ಬೀಳುತ್ತಾನೆ. ಸರ್ವರನ್ನು ಹತ್ತಿರ ತರುವುದೇ ನೇರ ಪರಿಹಾರ. 2020ರಲ್ಲಿ ಬಿಡುಗಡೆಯಾದ 'ವ್ಯಾಲೊರಂಟ್' ಆಟದ ಸರ್ವರು ಸೆಕೆಂಡಿಗೆ 128 ಬಾರಿ ಸ್ಥಿತಿಯನ್ನು ಪರಿಷ್ಕರಿಸುತ್ತದೆ. ಅದಕ್ಕೆ ಮುಂಬಯಿಯಲ್ಲಿಯೂ ಸರ್ವರುಗಳನ್ನು ಸ್ಥಾಪಿಸಲಾಯಿತು. ಚನ್ನರಾಯಪಟ್ಟಣದ ಹುಡುಗನಿಗೆ ಇದು ಹೊಸ ಬಂದೂಕಿಗಿಂತ ಹೆಚ್ಚಿನ ಉಪಕಾರ.

ಉಳಿದ ವಿಳಂಬವನ್ನು ಕಲ್ಪನೆಯಿಂದ ಜೀರ್ಣಿಸಿಕೊಳ್ಳಬೇಕು. ಈ ವಿಷಯದಲ್ಲಿ ವಿಜ್ಞಾನಕಥೆಗೆ ಇರುವ ಸ್ವಾತಂತ್ರ್ಯ ವಾಸ್ತವ ಯುದ್ಧದ ಆಟಕ್ಕಿಲ್ಲ. 2001ರ 'ಹೇಲೋ' ಯೋಧನಿಗೆ ತಾನಾಗಿ ಮರುಪೂರಣಗೊಳ್ಳುವ ಶಕ್ತಿಕವಚವನ್ನು ತೊಡಿಸಿತು. ಒಂದೇ ಗುಂಡಿಗೆ ಪ್ರಾಣ ಹೋಗದೆ ದ್ವಂದ್ವವು ಕೆಲವು ಸೆಕೆಂಡು ನಡೆದರೆ ಹತ್ತನೆಯ ಒಂದು ಸೆಕೆಂಡಿನ ತಡ ನಿರ್ಣಾಯಕವಾಗದು. ಕಣ್ಣಿಗೆ ಕಾಣುವಂತೆ ನಿಧಾನವಾಗಿ ಬರುವ ಬೆಂಕಿಯುಂಡೆಯಾದರೆ ತಪ್ಪಿಸಿಕೊಳ್ಳಲು ಅವಕಾಶವೂ ಉಂಟು. ಸಾಚಾ ಬಂದೂಕಿನ ಆಟದಲ್ಲಿ ಇವನ್ನು ತಂದರೆ ನಗೆಗೀಡಾದೀತು.

ಮೂರನೆಯದು, ಮಡಿದವನಿಗೆ ಸತ್ಯ ತಿಳಿಸುವುದು. ಕೊಂದವನ ಕಣ್ಣಿಗೆ ಆ ಗಳಿಗೆ ಹೇಗೆ ಕಂಡಿತೆಂಬುದನ್ನು ಮರುಪ್ರದರ್ಶಿಸುವ ಪದ್ಧತಿ ಅನೇಕ ಆಟಗಳಲ್ಲಿದೆ. ತಾನು ಮರೆಗೆ ಸೇರುವ ಮುನ್ನವೇ ಅವನಿಗೆ ಕಾಣಿಸಿಕೊಂಡಿದ್ದೆನೆಂದು ತಿಳಿದರೆ ಮೋಸವಾಯಿತೆಂಬ ಸಿಟ್ಟು ಎಷ್ಟೋ ಇಳಿಯುತ್ತದೆ. ಆ ಕೆಲವು ಕ್ಷಣ ಆಟಗಾರನು ಉತ್ತಮ ಪುರುಷದಿಂದ ಪ್ರಥಮ ಪುರುಷಕ್ಕೆ ಸರಿದು, ವೀರಗಲ್ಲಿನ ಮುಂದೆ ನಿಂತವನಂತೆ, ಇಂಥವನು ಹೀಗೆ ಕಾದಿ ಮಡಿದನೆಂದು ತನ್ನನ್ನೇ ಓದಿಕೊಳ್ಳುತ್ತಾನೆ.